ನಾಳೆಯ ರಿಲೀವರ್‌ಗೆ

ಹೋದ ವಾರ ಸ್ಕೂಟರ್ ಸರ್ವೀಸಿಗೆ ಬಿಡಲು ಗ್ಯಾರೇಜಿಗೆ ಹೋಗಿದ್ದೆ. ಮೆಕ್ಯಾನಿಕ್ ಮಾತಾಡುತ್ತಲೇ ಮೂಲೆಯ ಚೀಲದಿಂದ ಒಂದು ಹಿಡಿ ಬನಿಯನ್ ವೇಸ್ಟ್ ಎಳೆದು ಕೈ ಒರೆಸಿಕೊಂಡ. ಬನಿಯನ್ ಬಟ್ಟೆಯ ಚೂರುಪಾರು ಅದು, ಗ್ರೀಸು ಹತ್ತಿದ ಕೈ ಒರೆಸಲು ಇಟ್ಟಿರುತ್ತಾರೆ. ಎಣ್ಣೆ, ಹಳೇ ಬಟ್ಟೆ, ಸ್ವಲ್ಪ ಸೀಮೆಎಣ್ಣೆ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅವನು ಹೇಳುತ್ತಿದ್ದುದು ಒಂದೂ ಕಿವಿಗೆ ಬೀಳಲಿಲ್ಲ. ನಮ್ಮ ಮನೆಯ ಜಗಲಿ, ಸಂಜೆ ದೀಪ ಹಚ್ಚುವ ಹೊತ್ತು, ಪಕ್ಕದ ಮನೆಯ ಮಾವ... "ಅಕ್ಕಾ, ಆಯಿಲ್ ಚೇಂಜ್ ಮಾಡ್ಬುಡ್ಲಾ?" ಎಂದು ಅವನು ಮತ್ತೆ ಕೇಳಿದಾಗ, ಏನೋ ಒಂದು ಮಾಡಪ್ಪ ಎಂದು ಹೇಳಿ ಬಂದೆ. ಬಿಲ್ಲು ಜಾಸ್ತಿಯೇ ಆಯಿತು.

ನಾನು ನರಸೀಪುರದವಳು. ಮದುವೆಯಾಗಿ ನಂಜನಗೂಡಿಗೆ ಬಂದಾಗ ನಾವು ಬಾಡಿಗೆ ಹಿಡಿದದ್ದು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ ಒಂದು ಹಳೇ ಮನೆಯ ಅರ್ಧವನ್ನು. ಒಳಗೆಲ್ಲ ಬೇರೆ ಬೇರೆ, ಜಗಲಿ ಮಾತ್ರ ಇಬ್ಬರಿಗೂ ಒಂದೇ. ಇನ್ನೊಂದು ಅರ್ಧದಲ್ಲಿ ಅವರಿದ್ದರು, ಗಂಡ ಹೆಂಡತಿ ಇಬ್ಬರೇ. ಮಕ್ಕಳಿರಲಿಲ್ಲ. ಸಂಬಂಧವೇನೂ ಇಲ್ಲದಿದ್ದರೂ ಮೊದಲ ವಾರದಿಂದಲೇ ಅವರು ನನಗೆ ಮಾವ, ಅತ್ತೆ ಆದರು. ನನ್ನ ಸ್ವಂತ ಅತ್ತೆಗೆ ಇದು ಅಷ್ಟೇನೂ ಇಷ್ಟವಾಗಲಿಲ್ಲ. ಮಾವ ತಾಂಡ್ಯದ ಕಡೆ ಒಂದು ಕಾರ್ಖಾನೆಯಲ್ಲಿ ಮೆಷಿನ್ ಓಡಿಸುತ್ತಿದ್ದು ರಿಟೈರ್ ಆಗಿದ್ದರು.

ಪ್ರತಿ ಸಂಜೆ ದೇವರಿಗೆ ದೀಪವಿಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಮಾವ ಜಗಲಿಗೆ ಬಂದು ಕೂರುತ್ತಿದ್ದರು. ಪಕ್ಕದಲ್ಲಿ ಉದ್ದನೆಯ ರಟ್ಟಿನ ಪುಸ್ತಕ, ಒಂದು ಪೆನ್ನು, ಒಂದಿಷ್ಟು ಬನಿಯನ್ ವೇಸ್ಟು. ಕೈ ಚೊಕ್ಕವಾಗಿಯೇ ಇರುತ್ತಿತ್ತು. ಆದರೂ ಬೆರಳು ಬೆರಳನ್ನೂ ಒರೆಸಿಕೊಂಡ ಮೇಲೆಯೇ ಪುಸ್ತಕ ಮುಟ್ಟುವುದು. ಚೀಟಿ ಲೆಕ್ಕ ಬರೆಯುತ್ತಾರೇನೋ ಅಂದುಕೊಂಡಿದ್ದೆ. ಬಾಯಿ ಸುಮ್ಮನಿರಬೇಕಲ್ಲ, ಒಂದು ದಿನ ಕೇಳಿಯೇಬಿಟ್ಟೆ. ಅವರು ಪುಸ್ತಕವನ್ನೇ ನನ್ನ ಕೈಗೆ ಕೊಟ್ಟುಬಿಟ್ಟರು.

ನನಗೆ ಗಾಬರಿಯಾಯಿತು. ಡೈರಿ ಎಂದರೆ ಸೀರೆ ಮಡಿಕೆಯೊಳಗೆ ಬಚ್ಚಿಡುವಂಥದ್ದು ಎಂದು ತಿಳಿದವಳು ನಾನು. ಓದಲೋ ಬೇಡವೋ ಎನ್ನುತ್ತಲೇ ಓದಿದೆ. "ಮೆಷಿನ್ ನಾರ್ಮಲ್. ಎಡ ಮೊಣಕಾಲು ಸೌಂಡ್ ಮಾಡುತ್ತಿದೆ. ಮಧ್ಯಾಹ್ನ ಹೆಂಡತಿ ಮೇಲೆ ರೇಗಿದೆ. ಕಾರಣ, ಸಾರಿಗೆ ಉಪ್ಪು ಕಮ್ಮಿ. ಈ ಕಾರಣ ಸರಿಯಿಲ್ಲ. ಪೆಂಡಿಂಗ್: ಅವಳ ಹತ್ತಿರ ಮಾತಾಡಬೇಕು. ರಿಲೀವರ್‌ಗೆ: ಬಸ್ ಸ್ಟ್ಯಾಂಡ್ ದಾರಿ ಬೇಡ. ಹೊಳೆ ಕಡೆಯಿಂದ ಹೋಗುವುದು."

ಮೆಷಿನ್ ಎಂದರೆ ಅವರೇ ಎಂದು ಗೊತ್ತಾಯಿತು. ರಿಲೀವರ್ ಯಾರು ಮಾವ, ಎಂದೆ.

"ನಾಳೀಕೆ ಬತ್ತಾನಲ್ಲ, ಅವ್ನು."

"ಯಾರು?"

"ನಾನೇ ಕಣವ್ವ."

ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಹೋಗುವವನು ಮುಂದಿನ ಶಿಫ್ಟಿಗೆ ಬರುವವನಿಗೆ ಎಲ್ಲವನ್ನೂ ಲಾಗ್ ಬುಕ್ಕಿನಲ್ಲಿ ಬರೆದು ಹೋಗಬೇಕಂತೆ. ಏನು ಓಡಿತು, ಏನು ನಿಂತಿತು, ಎಲ್ಲಿ ಬಿಸಿಯಾಗಿದೆ, ಯಾವುದು ಬಾಕಿ. ಬರುವವನು ಓದಿ ಸಹಿ ಹಾಕಿ ಚಾರ್ಜ್ ತಗೊಳ್ಳಬೇಕು. ಆ ಅಭ್ಯಾಸವನ್ನೇ ಮಾವ ಮನೆಗೆ ತಂದಿದ್ದರು. "ನಾಳೆ ಬರೋನು ಮಲ್ಗೆದ್ದು ಎಲ್ಲಾ ಮರ್ತು ಬತ್ತಾನೆ. ಇವತ್ತು ನಾನು ಪಟ್ಟ ಪಾಡು ಅವ್ನಿಗೇನು ಗೊತ್ತು, ಪಾಪ" ಎಂದರು. ಆ 'ಪಾಪ' ಎಂಬ ಮಾತು ನನ್ನನ್ನು ಹಿಡಿದುಕೊಂಡಿತು. ತನ್ನನ್ನು ತಾನೇ ಬೇರೆಯವನಂತೆ ನೋಡಿ ಪಾಪ ಎನ್ನುವವರನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ.

ಬಸ್ ಸ್ಟ್ಯಾಂಡ್ ದಾರಿ ಯಾಕೆ ಬೇಡ ಎಂಬುದನ್ನು ಹೇಳಿದ್ದು ಪಕ್ಕದ ಮನೆಯ ಅತ್ತೆ. ಆ ದಾರಿಯಲ್ಲಿ ಬ್ರಾಂಡಿ ಅಂಗಡಿ ಇತ್ತು. ಕೆಲಸದಲ್ಲಿದ್ದಾಗಲೇ ಮಾವನಿಗೆ ಕುಡಿತ ಹತ್ತಿ, ಅದು ವಿಪರೀತಕ್ಕೆ ಹೋಗಿ, ಅತ್ತೆ ತಲಕಾಡಿನ ತವರಿಗೆ ಹೋಗಿಬಿಟ್ಟಿದ್ದರಂತೆ. ಹಿರಿಯರು ಹೋಗಿ ಕರೆತಂದರು. ಬರುವಾಗ ಅತ್ತೆ ಎಲ್ಲರ ಮುಂದೆ ಒಂದು ಮಾತು ಹೇಳಿ ಬಂದರು: ಇನ್ನೊಂದು ಸಲ ಕುಡಿದರೆ ಹೋಗುತ್ತೇನೆ, ಆಮೇಲೆ ಯಾರೂ ಕರೆಯಲು ಬರುವಂತಿಲ್ಲ. ಪುಸ್ತಕ ಶುರುವಾದದ್ದು ಆ ದಿನವೇ. ಅತ್ತೆಗೆ ಮಾತ್ರ ಅದರಲ್ಲಿ ಕವಡೆಕಾಸಿನ ನಂಬಿಕೆ ಇರಲಿಲ್ಲ. "ಬರ್ದ್ರೆ ಕುಡ್ತ ಬುಟ್ಟೋದದಾ? ಅಂಗಾಗಿದ್ರೆ ಎಲ್ಲಾರ್ಗೂ ಒಂದೊಂದು ಪೆನ್ ಕೊಡ್ಸಬೋದಿತ್ತು" ಎಂದು ನಗುತ್ತಿದ್ದರು. ನಗು ಬಾಯಲ್ಲಿತ್ತೇ ಹೊರತು ಕಣ್ಣಲ್ಲಿ ಇರಲಿಲ್ಲ.

ಮಾವನನ್ನು ನೋಡಿ ನನಗೂ ಹುಮ್ಮಸ್ಸು ಬಂತು. ಒಂದು ನೋಟ್ ಪುಸ್ತಕ ತಂದು ಬರೆಯತೊಡಗಿದೆ. ಮೊದಮೊದಲು ಪುಟಗಟ್ಟಲೆ ನನ್ನ ಸ್ವಂತ ಅತ್ತೆಯ ಮೇಲಿನ ದೂರು. ಸುಳ್ಳು ಹೇಳಬಾರದು, ಬರೆದ ರಾತ್ರಿ ಒಳ್ಳೇ ನಿದ್ದೆ ಬರುತ್ತಿತ್ತು. ನಾಲಿಗೆಗೆ ಬರಬೇಕಾದದ್ದು ಕಾಗದಕ್ಕೆ ಹೋಗಿ ಮನೆಯಲ್ಲಿ ಜಗಳವೂ ಕಮ್ಮಿಯಾಯಿತು. ಆದರೆ ಕೆಲವು ದಿನ ಬಿಟ್ಟು ತಿರುಗಿಸಿ ಓದಿದರೆ, ಯಾರೋ ಗಯ್ಯಾಳಿ ಬರೆದಂತಿತ್ತು. ಯಾರ ಕೈಗಾದರೂ ಸಿಕ್ಕಿದರೆ ಎಂಬ ಭಯ ಬೇರೆ. ಸಿಕ್ಕಿಯೂ ಬಿಟ್ಟಿತು. ನನ್ನ ಯಜಮಾನರು ಓದಿ, "ಧಾರಾವಾಹಿ ಚೆನ್ನಾಗದೆ, ನಾಳೆ ಏನಾಯ್ತದೆ?" ಎಂದರು. ಮರುದಿನ ಅದನ್ನು ನೀರೊಲೆಗೆ ಹಾಕಿದೆ.

ಮತ್ತೆ ಶುರುಮಾಡಿದಾಗ ಎಚ್ಚರ ಜಾಸ್ತಿಯಾಯಿತು. ಯಾರು ಓದಿದರೂ ನನ್ನನ್ನು ಒಳ್ಳೆಯವಳು ಅಂದುಕೊಳ್ಳಬೇಕು, ಹಾಗೆ ಬರೆಯತೊಡಗಿದೆ. ಆಗ ನಿದ್ದೆಯೂ ಬರಲಿಲ್ಲ, ಬರೆಯಲು ಏನೂ ಉಳಿಯಲೂ ಇಲ್ಲ. ಬೆಳಗಾಯಿತು, ತಿಂಡಿ ಮಾಡಿದೆ, ಬ್ಲೌಸ್ ಹೊಲಿದೆ... ಇದನ್ನು ಎಷ್ಟು ದಿನ ಬರೆಯುವುದು? ಮಾವನ ಹತ್ತಿರ ಹೇಳಿಕೊಂಡರೆ, "ನಾರ್ಮಲ್ ಅಂತ ಬರ್ದು ಸಯ್ ಆಕು. ಮೆಷಿನ್ ನಾರ್ಮಲ್ಲಾಗಿ ಓಡ್ದ ದಿನ ನಾವು ಅಬ್ಬ ಮಾಡ್ತಿದ್ವಿ" ಎಂದರು. ಅವರದ್ದು ಇನ್ನೊಂದು ಕಟ್ಟುನಿಟ್ಟಿತ್ತು. ಹಾಳೆ ಹರಿಯುವಂತಿಲ್ಲ, ಅಳಿಸುವಂತಿಲ್ಲ, ಗೀಚುವಂತಿಲ್ಲ. ತಪ್ಪಾಗಿದ್ದರೆ ಮೇಲೆ ಒಂದೇ ಗೆರೆ ಎಳೆಯಬೇಕು. ಕೆಳಗಿನದು ಓದಲು ಕಾಣಬೇಕು.

ಒಂದು ಸಂಜೆ ಮಾವ ಹಳೇ ಪುಟಗಳನ್ನು ಹಿಂದೆ ಮುಂದೆ ತಿರುಗಿಸುತ್ತಾ ಕೂತಿದ್ದರು. ಮುಖದಲ್ಲಿ ಏನೋ ಆಶ್ಚರ್ಯ. "ಬೇಜಾರಾದಾಗ ಕುಡೀತೀನಿ ಅಂತ ಊರ್ಗೆಲ್ಲಾ ಏಳ್ಕೊಂಡು ಬಂದೆ ಕಣವ್ವ. ನಾನೂ ಅದ್ನೇ ನಂಬ್ಕೊಂಡಿದ್ದೆ. ನೋಡಿಲ್ಲಿ" ಎಂದು ಪುಟ ತೋರಿಸಿದರು. ಕುಡಿಯಬೇಕು ಎಂದು ಜೀವ ಎಳೆದಾಡಿದ ದಿನಗಳೆಲ್ಲ ಬೇಜಾರಿನ ದಿನಗಳಾಗಿರಲಿಲ್ಲ. ಯಾರೋ ಬೆನ್ನು ತಟ್ಟಿದ ದಿನಗಳು ಅವು. ಹಳೇ ಸೂಪರ್‌ವೈಸರ್ ಸಿಕ್ಕಿ ನಿನ್ನಂಥ ಕೆಲಸಗಾರ ಇಲ್ಲ ಎಂದ ದಿನ. ಬೀದಿಯವರ ಪಂಪ್ ರಿಪೇರಿ ಮಾಡಿಕೊಟ್ಟು ಶಭಾಸ್ ಅನ್ನಿಸಿಕೊಂಡ ದಿನ. ಹೊಗಳಿದರೆ ಮೆಷಿನ್ ಬಿಸಿಯಾಗುತ್ತದೆ ಎಂದು ಅವರು ಆವತ್ತು ದೊಡ್ಡ ಅಕ್ಷರದಲ್ಲಿ ಬರೆದು, ಕೆಳಗೆ ಗೆರೆ ಹಾಕಿದರು. ತನ್ನ ಒಳಗನ್ನು ಹೀಗೆ ಬಿಚ್ಚಿ ನೋಡುವುದಕ್ಕೆ ಎಂಥ ಗುಂಡಿಗೆ ಬೇಕು ಎಂದು ನನಗೆ ಅನ್ನಿಸಿತು. ಅನ್ನಿಸಿದ್ದನ್ನು ಹೇಳಲು ಬಾಯಿ ತೆರೆದವಳು, ಅದೂ ಹೊಗಳಿಕೆಯೇ ಆಗುತ್ತದಲ್ಲ ಎಂದು ಹಾಗೇ ಮುಚ್ಚಿಕೊಂಡೆ.

ಆಮೇಲೆ ನರಸೀಪುರದಲ್ಲಿ ಒಂದು ಮದುವೆ ಬಂತು. ಅತ್ತೆಯ ಕಡೆಯವರದ್ದು. ನನ್ನ ತವರೂರೇ ಆದ್ದರಿಂದ ನಾನೂ ಜೊತೆಗೆ ಹೋಗಿದ್ದೆ. ಊಟವಾದ ಮೇಲೆ ಛತ್ರದಲ್ಲಿ ಗಂಡಸರು ಕುರ್ಚಿ ಎಳೆದುಕೊಂಡು ಕೂತರು. ಯಾರೋ ಹಿರಿಯರು ಮಾವನ ಹೆಗಲ ಮೇಲೆ ಕೈಹಾಕಿ, ಅಲ್ಲಿದ್ದ ಇನ್ನೊಬ್ಬ ಕುಡುಕನಿಗೆ ಕೇಳುವಂತೆ, "ಗಂಡ್ಸು ಅಂದ್ರೆ ಇಂಗಿರ್ಬೇಕು ಕಣ್ಲಾ. ಬುಡ್ತೀನಿ ಅಂದ, ಬುಟ್ಟ. ಇವ್ನ ನೋಡಿ ಕಲೀರಿ" ಎಂದರು. ಉಳಿದವರೂ ದನಿಗೂಡಿಸಿದರು. ಮಾವನ ಮುಖ ಅರಳಿತು. ಅಲ್ಲಿದ್ದವರಲ್ಲಿ ಆ ಪುಟ ಓದಿದ್ದವಳು ನಾನೊಬ್ಬಳೇ. ಅತ್ತೆಗೆ ಹೇಳೋಣವೆಂದು ಒಳಗೆ ಹೋಗಿ ಕರೆತರುವಷ್ಟರಲ್ಲಿ ಮಾವನ ಕುರ್ಚಿ ಖಾಲಿ.

ನಾವಿಬ್ಬರೇ ಬಸ್ಸಿನಲ್ಲಿ ವಾಪಸ್ ಬಂದೆವು. ದೀಪ ಹಚ್ಚುವ ಹೊತ್ತಿಗೆ ಯಾರದೋ ಆಟೋ ಮಾವನನ್ನು ಜಗಲಿಯ ಮುಂದೆ ಇಳಿಸಿ ಹೋಯಿತು. ಆ ಸಂಜೆ ಪುಸ್ತಕ ಹೊರಗೆ ಬರಲಿಲ್ಲ.

ಬೆಳಿಗ್ಗೆ ಅತ್ತೆಯ ಬ್ಯಾಗು ಬಾಗಿಲ ಪಕ್ಕ ಕೂತಿತ್ತು. ಮಾವ ಎದ್ದ ಮೇಲೆ ಅವರಿಗೆ ಬೀಗದ ಕೈ ಕೊಟ್ಟು ಮಧ್ಯಾಹ್ನದ ಬಸ್ಸಿಗೆ ತಲಕಾಡಿಗೆ ಹೋಗುತ್ತೇನೆ ಎಂದರು. ಅಳಲಿಲ್ಲ, ಬೈಯಲಿಲ್ಲ. ಅದನ್ನು ನೋಡಿ ನನಗೆ ಇನ್ನೂ ಹೆದರಿಕೆಯಾಯಿತು. ಮಾವ ಎದ್ದು ಸ್ನಾನ ಮಾಡಿ ಬಂದರು. ಬ್ಯಾಗು ನೋಡಿದರು. ಸಂಜೆಯ ತನಕ ಕಾಯದೆ ಆಗಲೇ ಪುಸ್ತಕ ತಂದು ಜಗಲಿಯಲ್ಲಿ ಕೂತರು. ಬನಿಯನ್ ವೇಸ್ಟಿನಲ್ಲಿ ಕೈ ಒರೆಸಿದರು, ಒರೆಸಿದರು. ನಾನು ನನ್ನ ಕಡೆಯ ಜಗಲಿಯಲ್ಲಿ ಅಕ್ಕಿ ಆರಿಸುವ ನೆಪ ಹೂಡಿ ಕೂತಿದ್ದೆ. ತಪ್ಪಾಯಿತು ಎಂದು ಬರೆಯುತ್ತಾರೆ, ನಂಜುಂಡೇಶ್ವರನ ಆಣೆ ಹಾಕುತ್ತಾರೆ ಅಂದುಕೊಂಡೆ. ಮಾವ ಬರೆದು ಮುಗಿಸಿ, ಎಂದೂ ಇಲ್ಲದವರು ಆವತ್ತು ಗಟ್ಟಿಯಾಗಿ ಓದಿದರು.

"ನಿನ್ನೆ ಶಿಫ್ಟಿನವನು ಕುಡಿದು ಬಂದಿದ್ದಾನೆ. ಬುಕ್ ಬರೆಯದೆ ಹೋಗಿದ್ದಾನೆ. ಕಾರಣ, ಕುಡಿಯುವುದು ಬಿಟ್ಟಿದ್ದಾನೆ ಎಂದು ನರಸೀಪುರದಲ್ಲಿ ಹೊಗಳಿದರು. ಪೆಂಡಿಂಗ್: ಹೆಂಡತಿಯ ಬ್ಯಾಗ್ ಬಾಗಿಲಲ್ಲಿದೆ. ಹೋಗುವುದು ಬಿಡುವುದು ಅವಳಿಗೆ ಸೇರಿದ್ದು. ಮೆಷಿನ್ ಬಿಸಿ ಇದೆ, ನಿಧಾನವಾಗಿ ಓಡಿಸಬೇಕು. ಚಾರ್ಜ್ ತಗೊಂಡಿದ್ದೇನೆ."

ಅತ್ತೆ ಹೊಸಿಲ ಮೇಲೆ ನಿಂತು ಕೇಳಿದರು. "ಅವ್ನ್ಗೆ ಒಂದ್ ಮಾತೂ ಬಯ್ದಿಲ್ವಲ್ಲ?"

"ಲಾಗ್ ಬುಕ್ಕಲ್ಲಿ ಬಯ್ಯಂಗಿಲ್ಲ ಕಣೆ" ಎಂದರು ಮಾವ. "ಬಯ್ದ್ರೆ ನಾಳೆ ಬರೋನು ನಿಜ ಬರೆಯಲ್ಲ."

ಅತ್ತೆ ಬ್ಯಾಗೆತ್ತಿಕೊಂಡು ಒಳಗೆ ಹೋದರು. "ಸಾಯಂಕಾಲ ಏನ್ ಬರೀತೀರೋ ನೋಡ್ಬುಟ್ಟೇ ಓಯ್ತೀನಿ" ಎಂದು ಒಳಗಿನಿಂದ ದನಿ ಬಂತು. ನಾನು ಆರಿಸುತ್ತಿದ್ದ ಅಕ್ಕಿಯಲ್ಲಿ ಕಲ್ಲು ಯಾವುದು, ಕಾಳು ಯಾವುದು ಕಾಣದಷ್ಟು ಕಣ್ಣು ತುಂಬಿತ್ತು.

ಅಲ್ಲಿಂದ ಮುಂದೆ ಮಾವ ಕುಡಿಯಲೇ ಇಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಇನ್ನೊಮ್ಮೆ ಕುಡಿದರು. ಅದನ್ನೂ ಬರೆದರು. ಆ ಸಲ ಬ್ಯಾಗು ಅಟ್ಟದಿಂದ ಇಳಿಯಲಿಲ್ಲ. ಆಮೇಲೆ ವರ್ಷಗಟ್ಟಲೆ ನಾರ್ಮಲ್, ನಾರ್ಮಲ್... ನಾನೂ ಅತ್ತೆಯೂ ಒಂದು ನೇಮ ಮಾಡಿಕೊಂಡೆವು. ಮಾವ ಏನು ಮಾಡಿದರೂ ಹೊಗಳುವಂತಿಲ್ಲ. ನನ್ನ ಹೊಲಿಗೆ ಮೆಷಿನ್ ರಿಪೇರಿ ಮಾಡಿಕೊಟ್ಟರೆ, "ಪರ್ವಾಗಿಲ್ಲ ಮಾವ, ಓಡ್ತದೆ" ಎನ್ನುತ್ತಿದ್ದೆ. ಬೀದಿಯಲ್ಲಿ ಯಾರಾದರೂ ಅವರನ್ನು ಕೊಂಡಾಡಲು ಶುರುಮಾಡಿದರೆ ಅತ್ತೆ ನಡುವೆ ಬಾಯಿ ಹಾಕಿ ಮೂಲಂಗಿ ರೇಟು ಕೇಳುತ್ತಿದ್ದರು. ಮಾವನಿಗೆ ಗೊತ್ತಾಗುತ್ತಿತ್ತು. ಮೀಸೆಯೊಳಗೇ ನಗುತ್ತಿದ್ದರು.

ಕೊನೆಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಮೈಸೂರಿನ ಆಸ್ಪತ್ರೆಗೂ ಪುಸ್ತಕ ಬಂತು. ಅವರು ತೊದಲುತ್ತಾ ಹೇಳಿದರು, ನಾನು ಬರೆದೆ. ಮೆಷಿನ್ ಒಂದು ಕಡೆ ಓಡುತ್ತಿಲ್ಲ ಎಂದರು. ಪೆಂಡಿಂಗ್ ಏನು ಮಾವ, ಎಂದು ಕೇಳಿದೆ. "ಏನೂ ಇಲ್ಲ ಅಂತ ಬರ್ಕೊ" ಎಂದರು. ಬರೆದೆ. ಮಂಚದ ಆ ಕಡೆ ಕೂತಿದ್ದ ಅತ್ತೆ, "ಮತ್ತೆ ನಾನು?" ಎಂದರು. ಮಾವ ಅವರ ಕಡೆ ತಿರುಗಿ ನೋಡಿದರು. ಆಮೇಲೆ ಎಡಗೈ ಬೆರಳಿನಿಂದ ಗಾಳಿಯಲ್ಲಿ ಒಂದು ಗೆರೆ ಎಳೆದು ನನಗೆ ತೋರಿಸಿದರು. 'ಏನೂ ಇಲ್ಲ' ಎಂಬುದರ ಮೇಲೆ ನಾನು ಒಂದೇ ಗೆರೆ ಎಳೆದೆ. ಪಕ್ಕದಲ್ಲಿ 'ಇವಳಿದ್ದಾಳೆ' ಎಂದು ಬರೆಸಿದರು. ಆ ವಾರವೇ ಹೋದರು.

ನಾನು ಈಗಲೂ ಬರೆಯುತ್ತೇನೆ. ಮಧ್ಯೆ ಮಧ್ಯೆ ತಿಂಗಳುಗಟ್ಟಲೆ ಬಿಟ್ಟುಹೋಗುತ್ತದೆ, ಮತ್ತೆ ಹಿಡಿಯುತ್ತೇನೆ. ಎಷ್ಟೋ ದಿನ ಸುಳ್ಳು ಬರೆದು ಮರುದಿನ ಅದರ ಮೇಲೆ ಗೆರೆ ಎಳೆದಿದ್ದೇನೆ. ಮಾವನ ಹಾಗೆ ಬರೆಯುವುದು ನನ್ನಿಂದ ಈ ಜನ್ಮದಲ್ಲಿ ಆಗುವುದಿಲ್ಲ. ಅವರ ಪುಸ್ತಕಗಳು ಅತ್ತೆಯ ಹತ್ತಿರವೇ ಇವೆ. ಅತ್ತೆ ಪಕ್ಕದಲ್ಲೇ ಇದ್ದಾರೆ. ಸಂಜೆ ಕಾಫಿಗೆ ನಮ್ಮ ಜಗಲಿಗೇ ಬರುತ್ತಾರೆ.

ಗ್ಯಾರೇಜಿನಿಂದ ಬಂದ ಸಂಜೆ ಇದನ್ನು ಬರೆಯಲು ಕೂತಿದ್ದೆ. ಅತ್ತೆ ಲೋಟ ಹಿಡಿದು ಬಂದು, ಏನು ಬರೆಯುತ್ತಿದ್ದೀಯ ಎಂದರು. ಮಾವನ ವಿಷಯ ಎಂದೆ.

"ಒಗಳಿಗಿಗಳಿ ಬರ್ದೀಯಾ, ಉಸಾರು" ಎಂದುಬಿಟ್ಟರು, ಅಭ್ಯಾಸದ ಬಲದಲ್ಲಿ.

ಅಂದ ಮೇಲೆ ಅವರಿಗೇ ಗೊತ್ತಾಯಿತು. ಲೋಟವನ್ನು ಕೆಳಗಿಟ್ಟು ಬೀದಿಯ ಕಡೆ ನೋಡುತ್ತಾ ಕೂತರು. ಕಾಫಿ ಪೂರ್ತಿ ಆರಿದ ಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು:

"ಬರ್ಕೊ ಬುಡವ್ವ. ಎಷ್ಟ್ ಬೇಕಾದ್ರೂ ಒಗಳು. ಇನ್ನೇನ್ ಎದ್ದೋಗಿ ಕುಡ್ದು ಬಂದಾರಾ."