ಮೂವತ್ತು ವರ್ಷದ ಗಾಳಿ

ಸರ್ಕಾರಿ ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಗಾಜು ಊದುವುದು ಅವನ ಕೆಲಸ. ಎಲ್ಲರ ಬಾಯಲ್ಲೂ ಗಾಜಣ್ಣ. ಅವನು ಮಾಡಿದ ಸೀಸೆಗಳು ದ್ವೀಪಗಳಿಗೆ, ಬೆಟ್ಟದ ತುದಿಗಳಿಗೆ ಹೋಗಿ, ಅಲ್ಲಿನ ಗಾಳಿ ತುಂಬಿಕೊಂಡು ವಾಪಸು ಬರುತ್ತಿದ್ದವು. ಭೂಮಿಯನ್ನು ಬಿಸಿ ಮಾಡುವ ಅನಿಲ ಅದರಲ್ಲಿ ಎಷ್ಟು ಹೆಚ್ಚಿದೆಯೆಂದು ಮೇಲಿನ ಮಹಡಿಯ ಮೇಡಂ ಅಳೆಯುತ್ತಿದ್ದರು. ಪ್ರತಿ ಕಂತಿನಲ್ಲೂ ಕೆಲವು ಸೀಸೆಗಳನ್ನು ತೆರೆಯದೆ, ಮುಂದಿನವರಿಗಿರಲೆಂದು ಕಪಾಟಿನಲ್ಲಿಡುತ್ತಿದ್ದರು.

"ಗಾಳಿ ಕಾಯೋದಕ್ಕೂ ಸರ್ಕಾರ ಸಂಬಳ ಕೊಡುತ್ತಾ?" ಎಂದು ಅವನ ಅತ್ತೆ ಆಡಿಕೊಳ್ಳುತ್ತಿದ್ದರು. ಅವನೂ ನಗುತ್ತಿದ್ದ.

ಒಂದು ದಿನ ಯೋಜನೆ ನಿಲ್ಲಿಸಿದ ಆದೇಶ ಬಂತು. ಮೇಡಂ ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದರು. ಕೊನೆಗೆ ಅವರನ್ನೇ ಬೇರೆ ಊರಿಗೆ ಎತ್ತಂಗಡಿ ಮಾಡಿದರು. ಕೋಣೆ ಖಾಲಿ ಮಾಡಿಸಲು ಹೊಸ ಅಧಿಕಾರಿ ಬಂದ.

"ಇದರಲ್ಲಿ ಏನಿದೆ?" ಎಂದು ಕಪಾಟಿನ ಸೀಸೆಗಳತ್ತ ಬೆರಳು ತೋರಿಸಿದ.

"ಗಾಳಿ ಸಾರ್."

"ಹೊರಗಡೆ ಇರೋದು?"

"ಅದೂ ಗಾಳಿನೇ. ಆದ್ರೆ ಇದು ಮೂವತ್ತು ವರ್ಷದಿಂದ ಕೂಡಿಟ್ಟಿದ್ದು. ಇನ್ನೆಲ್ಲೂ ಸಿಗಲ್ಲ."

"ತಲೆ ತಿನ್ನಬೇಡ. ಎಲ್ಲಾ ತೆಗೆದು ಖಾಲಿ ಮಾಡಿ, ಸೀಸೆ ಉಗ್ರಾಣಕ್ಕೆ ಕೊಡು. ಇಲ್ಲಾಂದ್ರೆ ನಾಳೆಯಿಂದ ಬರಬೇಡ."

ಹೆಂಡತಿಯ ಮೂತ್ರಪಿಂಡದ ಚಿಕಿತ್ಸೆ ನಡೆಯುತ್ತಿದ್ದದ್ದೇ ಅವನ ಸರ್ಕಾರಿ ನೌಕರಿಯ ಆರೋಗ್ಯ ಚೀಟಿಯ ಮೇಲೆ. ಅವನು ಬಿರಡೆ ತಿರುಗಿಸಿದ. ಪ್ರತಿ ಸೀಸೆಯೂ ಸಣ್ಣಗೆ ಸುಸ್ಸೆಂದು ಸುಮ್ಮನಾಗುತ್ತಿತ್ತು. ಸಾವಿರಕ್ಕೂ ಹೆಚ್ಚು ಸೀಸೆ. ಮೂರು ದಿನ ಹಿಡಿಯಿತು. ಹೆಬ್ಬೆರಳು ಊದಿಕೊಂಡು, ಊಟಕ್ಕೆ ಕೂತಾಗ ತುತ್ತು ಹಿಡಿಯಲಾಗಲಿಲ್ಲ.

"ಏನಾಯ್ತು ಕೈಗೆ?" ಎಂದಳು ಹೆಂಡತಿ.

"ಏನಿಲ್ಲ, ಕೆಲಸ ಜಾಸ್ತಿ."

ಎಂಟು ತಿಂಗಳ ಮೇಲೆ ಹೊರದೇಶದ ವಿಜ್ಞಾನಿಗಳಿಂದ ಪತ್ರ ಬಂತು. ಅದುವರೆಗೆ ಯಾರ ಕಣ್ಣಿಗೂ ಬೀಳದ ವಿಷಾನಿಲವೊಂದನ್ನು ಹಿಡಿಯುವ ಯಂತ್ರ ಸಿದ್ಧವಾಗಿತ್ತು. ಅದು ಯಾವಾಗಿನಿಂದ ಸೋರುತ್ತಿದೆಯೆಂದು ತಿಳಿಯಲು ಹಳೆಯ ಗಾಳಿ ಬೇಕಿತ್ತು. ಸರ್ಕಾರಕ್ಕೆ ಒಮ್ಮೆಲೇ ಹುರುಪು ಬಂತು. ಯೋಜನೆ ಮತ್ತೆ ಮಂಜೂರಾಯಿತು, ಮೇಡಂ ವಾಪಸಾದರು. ಬಂದವರೇ ನೇರ ನೆಲಮಾಳಿಗೆಗೆ ಇಳಿದರು.

"ಒಂದಾದ್ರೂ ಉಳಿಸ್ಕೊಂಡಿದ್ದೀಯಾ?"

"ಇಲ್ಲಮ್ಮ. ಹೆದರಿಬಿಟ್ಟೆ."

ಅವರು ಅಲ್ಲೇ ಸ್ಟೂಲಿನ ಮೇಲೆ ಕೂತರು. ಬೈಯಲಿಲ್ಲ. ಮಾದರಿಗಳು ನಾಶವಾಗಿವೆ ಎಂದಷ್ಟೇ ಆ ವಿಜ್ಞಾನಿಗಳಿಗೆ ಬರೆದರು. ಯಾರ ಕೈಯಿಂದ ಎಂದು ಬರೆಯಲಿಲ್ಲ. ಬೈದಿದ್ದರೆ ಅವನಿಗೆ ಅಷ್ಟು ಚುಚ್ಚುತ್ತಿರಲಿಲ್ಲವೇನೋ.

ನಿವೃತ್ತಿಯವರೆಗೂ ಅವನು ತಿಂಗಳಿಗೆ ಅರವತ್ತು ಹೊಸ ಸೀಸೆ ಊದಿಕೊಟ್ಟ. ಆದರೆ ಮೇಲಿನ ಮಹಡಿಗೆ ಕಾಲಿಡಲಿಲ್ಲ. ಸೀಸೆಗಳ ಪೆಟ್ಟಿಗೆಯನ್ನು ಮೆಟ್ಟಿಲ ತಿರುವಿನಲ್ಲಿಟ್ಟು, ಕರೆಗಂಟೆ ಒತ್ತಿ, ಯಾರಾದರೂ ಇಳಿದು ಬರುವ ಮೊದಲೇ ಕೆಳಗೆ ಹೋಗಿಬಿಡುತ್ತಿದ್ದ.