ಪಾಗಾರದೊಳಗಿನ ಡಬ್ಬಿ

ಬರಿದಾದ ಪಾತ್ರೆಯನ್ನು ಯಾರಿಗೂ ಹಿಂದೆ ಕೊಡಬಾರದು ಎಂದು ನನಗೆ ಕಲಿಸಿದವರು ನನ್ನ ಅಜ್ಜಿ. ನೆರೆಮನೆಯಿಂದ ಪಾಯಸ ಬಂದರೆ ಆ ಪಾತ್ರೆ ತೊಳೆದು, ಒಂದು ಚೂರು ಬೆಲ್ಲವನ್ನಾದರೂ ಹಾಕಿಯೇ ಮರಳಿಸಬೇಕು. ಮನೆಗೆ ಹೊಸ ಡಬ್ಬಿ ಬರಲಿ, ಪೆಟ್ಟಿಗೆ ಬರಲಿ, ಮೊದಲು ಅದರೊಳಗೆ ಅರಸಿನ ಹಚ್ಚಿದ ನಾಲ್ಕು ಕಾಳು ಅಕ್ಕಿ, ಒಂದು ಅಡಿಕೆ. "ಖಾಲಿ ಇಟ್ರೆ ಅದಕ್ಕೆ ಬೇಸರ ಆಗ್ತದೆ ಮಗಾ" ಎನ್ನುತ್ತಿದ್ದರು, ಡಬ್ಬಿಗೂ ಒಂದು ಹೊಟ್ಟೆ ಉಂಟು ಎನ್ನುವ ಹಾಗೆ. ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು, ಕೈಗೆ ಹತ್ತಿದ ಅಭ್ಯಾಸ ಹೋಗಲಿಲ್ಲ. ಈ ಅಭ್ಯಾಸದಿಂದಾಗಿ ಒಬ್ಬ ಹೆಂಗಸು ಇದ್ದೊಂದು ಸೂರನ್ನು ಕಳೆದುಕೊಂಡಳು. ಅಭ್ಯಾಸವೊಂದರ ಮೇಲೆಯೇ ತಪ್ಪು ಹಾಕಿದರೆ ಅಜ್ಜಿಗೆ ಅನ್ಯಾಯವಾದೀತು. ಅಭ್ಯಾಸಕ್ಕೆ ಬಾಯಿರಲಿಲ್ಲ, ನನಗಿತ್ತು.

ಮಣಿಪಾಲದ ಕಾಲೇಜೊಂದರ ಸರ್ವೇ ಲ್ಯಾಬಿನಲ್ಲಿ ಇಪ್ಪತ್ತೇಳು ವರ್ಷ ಉಪಕರಣ ಒರೆಸಿದವನು ನಾನು. ನಿವೃತ್ತಿಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿಯ ಜೊತೆಗೆ ಲ್ಯಾಬಿನವರು ಕೈಯಲ್ಲಿ ಹಿಡಿಯುವ ಒಂದು ಹಳೆಯ ಜಿಪಿಎಸ್ ಯಂತ್ರವನ್ನೂ ಕೊಟ್ಟರು. ರಬ್ಬರಿನ ಗುಂಡಿಗಳು, ಎರಡು ಪೆನ್ಸಿಲ್ ಸೆಲ್ಲು, ಹಳದಿ ಮೈ. ಆಕಾಶದ ಉಪಗ್ರಹಗಳನ್ನು ಹಿಡಿದು ನೀವು ಎಲ್ಲಿದ್ದೀರಿ ಎಂದು ಅಂಕಿಗಳಲ್ಲಿ ಹೇಳುತ್ತದೆ. ಮನೆಯಲ್ಲಿ ಕೂತವನಿಗೆ ಎಲ್ಲಿದ್ದೇನೆ ಎಂದು ಯಾರು ಹೇಳಬೇಕು? ವರ್ಷ ಪೂರ್ತಿ ಅದು ಕಪಾಟಿನಲ್ಲಿ ಮಲಗಿತ್ತು.

ಅದನ್ನು ಎಬ್ಬಿಸಿದವರು ನನ್ನ ಸ್ನೇಹಿತರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಮಣಿಪಾಲದ ವಿದ್ಯಾರ್ಥಿಗಳಿಂದ ಅವರು ಒಂದು ಆಟದ ಸುದ್ದಿ ತಂದರು. ಜಿಯೋಕ್ಯಾಶಿಂಗ್ ಅಂತೆ. ಒಬ್ಬರು ಎಲ್ಲಿಯೋ ಒಂದು ಡಬ್ಬಿ ಅಡಗಿಸಿ ಆ ಜಾಗದ ಅಂಕಿಗಳನ್ನು ಇಂಟರ್ನೆಟ್ಟಿನಲ್ಲಿ ಹಾಕುವುದು, ಉಳಿದವರು ಜಿಪಿಎಸ್ ಹಿಡಿದು ಹುಡುಕುವುದು. ಸಿಕ್ಕಿದರೆ ಒಳಗಿನ ಪುಟ್ಟ ಪುಸ್ತಕದಲ್ಲಿ ಹೆಸರು, ತಾರೀಕು ಬರೆದು, ಇದ್ದಲ್ಲಿಯೇ ಇಟ್ಟು ಬರುವುದು. "ಸಿಕ್ಕಿದ ಮೇಲೆ ಎಂತ ಸಿಗ್ತದೆ?" ಎಂದು ಕೇಳಿದೆ. "ಎಂತದೂ ಇಲ್ಲ ಮಾರಾಯ್ರೆ, ಸಿಕ್ಕಿತು ಅಂತ ಸಿಗ್ತದೆ" ಎಂದರು. ಮಣಿಪಾಲದ ಗುಡ್ಡದ ಅಂಚಿನಲ್ಲಿ ಯಾರೋ ಇಟ್ಟುಹೋಗಿದ್ದ ಒಂದು ಡಬ್ಬಿ ಮೂರನೆಯ ಸಲಕ್ಕೆ ನಮಗೆ ಸಿಕ್ಕಿತು. ಅರುವತ್ತು ದಾಟಿದ ಇಬ್ಬರು ಗಂಡಸರು ಪೊದೆಯೊಳಗೆ ಕೈ ಕುಲುಕಿಕೊಂಡೆವು.

ಆಮೇಲೆ ನಮ್ಮದೂ ಒಂದು ಡಬ್ಬಿ ಇಡುವ ಹಠ ಬಂತು. ಕಾಪುವಿನ ದೀಪಸ್ತಂಭದ ಹತ್ತಿರ ಜನಜಂಗುಳಿ, ಅಲ್ಲಿ ಆಗದು. ಅದಕ್ಕಿಂತ ಸ್ವಲ್ಪ ದೂರದಲ್ಲಿ ತೆಂಗಿನ ತೋಟವೊಂದರ ಬದಿಗೆ ಕೆಂಪುಕಲ್ಲಿನ ಹಳೆಯ ಪಾಗಾರ ಉಂಟು, ಅರ್ಧ ಕುಸಿದ ಗೋಡೆ. ಅದರ ಒಂದು ಪೊಟರೆ ಡಬ್ಬಿಗೆ ಹೇಳಿ ಮಾಡಿಸಿದ ಹಾಗಿತ್ತು. ಸ್ಟೀಲಿನ ಡಬ್ಬಿ ತಂದೆ. ಒಳಗೆ ಪುಸ್ತಕ, ಕಳೆದುಹೋಗದಿರಲಿ ಎಂದು ಅದಕ್ಕೆ ಕೆಂಪು ನೂಲಿನಿಂದ ಕಟ್ಟಿದ ಪೆನ್ಸಿಲ್. ಮುಚ್ಚಳದ ಒಳಬದಿಗೆ ಒಂದು ಚೌಕದ ಕಾಗದ ಅಂಟಿಸಿ ಅದರ ಮೇಲೆ ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಕನ್ನಡ ಅಂಕಿಗಳಲ್ಲಿ ಬರೆದೆ. "ಇದನ್ನು ಓದ್ಲಿಕ್ಕೆ ಯಾರಿಗೆ ಬರ್ತದೆ?" ಎಂದು ಸ್ನೇಹಿತರು ಗೊಣಗಿದರು. 'ಇದು ಆಟದ ಡಬ್ಬಿ, ದಯವಿಟ್ಟು ಮುಟ್ಟಬೇಡಿ' ಎಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಚೀಟಿಯೊಂದನ್ನು ಅವರು ತಂದಿದ್ದರು. ಅದನ್ನು ಹಾಕಲು ನಾನೇ ಬಿಡಲಿಲ್ಲ. ಕನ್ನಡದಲ್ಲಿ ಚೆಂದ ಮಾಡಿ ಬರೆದು ಮುಂದಿನ ಸಲ ತರುತ್ತೇನೆ ಎಂದೆ. ಪುಸ್ತಕದಲ್ಲಿ ಮೊದಲ ಹೆಸರು ಅವರದು, ಎರಡನೆಯದು ನನ್ನದು. ಮುಚ್ಚುವ ಮೊದಲು ನನ್ನ ಕೈ ತನ್ನಷ್ಟಕ್ಕೆ ಜೇಬಿಗೆ ಹೋಯಿತು. ಅಕ್ಕಿಕಾಳು, ಅಡಿಕೆ.

ಎರಡು ತಿಂಗಳ ಬಳಿಕ, ಮಳೆ ಬಿಟ್ಟ ಮೇಲೆ, ಪುಸ್ತಕ ಒದ್ದೆಯಾಗಿದೆಯೋ ನೋಡೋಣ ಎಂದು ಒಂದು ಆದಿತ್ಯವಾರ ಬೆಳಿಗ್ಗೆ ಹೋದೆವು. ಪಾಗಾರದ ಬಳಿ ಇಪ್ಪತ್ತು ಜನ ಸೇರಿದ್ದರು. ನಮ್ಮ ಡಬ್ಬಿ ಬಾಯಿ ತೆರೆದು ನೆಲದ ಮೇಲಿತ್ತು. ಕೈಯಿಂದ ಮುಟ್ಟಲು ಯಾರೂ ತಯಾರಿಲ್ಲ. ಒಬ್ಬ ಕೋಲಿನಿಂದ ಅಡಿಕೆಯನ್ನು ಉರುಳಿಸಿ ಉರುಳಿಸಿ ತೋರಿಸುತ್ತಿದ್ದ. ನಡುವೆ ಒಬ್ಬ ಹೆಂಗಸು ತಲೆಯ ಮೇಲೆ ಒಣಗಿದ ತೆಂಗಿನಗರಿಗಳ ಹೊರೆ ಹೊತ್ತು ನಿಂತಿದ್ದಳು. ಅದನ್ನು ಇಳಿಸಲು ಯಾರೂ ಬಿಟ್ಟಿರಲಿಲ್ಲ.

ಉತ್ತರ ಕರ್ನಾಟಕದ ಕಡೆಯವಳು, ಕಟ್ಟಡದ ಕೆಲಸಕ್ಕೆ ಬಂದವಳು, ಒಂಟಿ. ಪಾಗಾರದ ಹಿಂದಿನ ಸಾಲುಕೋಣೆಗಳಲ್ಲಿ ಒಂದರಲ್ಲಿ ಬಾಡಿಗೆಗಿದ್ದಳು. ಆ ಕೋಣೆಗಳ ಒಡತಿ ಮೀನು ಮಾರುವ ಹೆಂಗಸು, ಗಟ್ಟಿಗಿತ್ತಿ. ಒಡತಿಯ ಗಂಡ ಬೋಟಿನಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದ. ದುರದೃಷ್ಟಕ್ಕೆ ಅವನದೂ ನನ್ನ ಸ್ನೇಹಿತರದೂ ಒಂದೇ ಹೆಸರು. ಕರಾವಳಿಯಲ್ಲಿ ಕಲ್ಲೆಸೆದರೆ ಆ ಹೆಸರಿನ ಒಬ್ಬನಿಗೆ ತಾಗುತ್ತದೆ. ಆದರೆ ಪುಸ್ತಕದ ಮೊದಲ ಸಾಲಿನಲ್ಲಿ ಆ ಹೆಸರು, ಪಕ್ಕದಲ್ಲಿ ತಾರೀಕು. ಅದಾಗಿ ಒಂಬತ್ತನೆಯ ದಿನಕ್ಕೆ ಅವನು ಬಿದ್ದಿದ್ದ.

"ನಾಲ್ಕು ವರ್ಷ ನನ್ನ ಬಾವಿಯ ನೀರು ಕುಡ್ದಿದ್ದೀಯಲ್ಲ" ಎನ್ನುತ್ತಿದ್ದಳು ಒಡತಿ. "ಅದು ಸಾಕಾಗ್ಲಿಲ್ವಾ? ನನ್ನ ಗಂಡನ ಕಾಲೇ ಬೇಕಿತ್ತಾ ನಿನಗೆ? ಮಾಟ ಮಾಡ್ಲಿಕ್ಕೆ ನನ್ನದೇ ಪಾಗಾರ ಸಿಕ್ಕಿತಾ?"

"ನನಗ ಓದಾಕ ಬರೂದಿಲ್ರಿ ಅಕ್ಕಾರ. ನಾ ಹೆಂಗ ಹೆಸರು ಬರೀಲಿ?"

"ಬರೂದಿಲ್ರಿ, ಹೋಗೂದಿಲ್ರಿ!" ಎಂದು ಕೋಲು ಹಿಡಿದವನು ಅವಳ ಧಾಟಿಯಲ್ಲೇ ಎಳೆದು ಹೇಳಿದ. ಜನ ನಕ್ಕರು. "ಓದ್ಲಿಕ್ಕೆ ಬರುದಿಲ್ಲ, ಹೂ ಇಡ್ಲಿಕ್ಕೆ ಬರ್ತದಾ? ದಿನಾ ಬೆಳಿಗ್ಗೆ ಹೂ ಇಡುದನ್ನು ಎಷ್ಟು ಜನ ನೋಡಿದ್ದಾರೆ ಗೊತ್ತುಂಟಾ?"

"ಮುಚ್ಚಳ ತಗದು ನೋಡಿದ್ರ ಅರಿಶಿಣ ಇತ್ರಿ, ಅಕ್ಕಿಕಾಳ ಇದ್ವು. ಯಾರೋ ದೇವ್ರನ್ನ ಇಟ್ಟಾರ ಅಂತ ತಿಳಕೊಂಡೆ. ಗರಿ ಆರಸಾಕ ಬಂದಾಗ ಒಂದು ದಾಸವಾಳ ಇಟ್ಟು ಕೈ ಮುಗದು ಹೋಗ್ತಿದ್ದೆ. ಅಷ್ಟ ರೀ ನಾ ಮಾಡಿದ್ದು."

ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಯಂತ್ರ ಗುರಿ ಮುಟ್ಟಿದೆ ಎಂದು ಪೀಂ ಎಂದಿತು. ಎಲ್ಲರೂ ತಿರುಗಿದರು, ಅವಳೂ. ನನ್ನ ಮುಖ ನೋಡಿದವಳೇ ಹೊರೆಯ ಕೆಳಗಿನಿಂದ ಒಂದು ಕೈ ಚಾಚಿದಳು.

"ಇವ್ರನ್ನ ಕೇಳ್ರಿ! ಇವ್ರು ಇಲ್ಲೇ ಕುಂತು ಗೋಡಿಯಾಗ ಕೈ ಹಾಕಿದ್ದನ್ನ ನಾ ಕಣ್ಣಾರೆ ನೋಡೇನ್ರಿ. ಹೊರಕಡಿಗೆ ಕುಂತಾರಂತ ನಾನ ಮುಖ ತಿರುವಿಕೊಂಡು ಹೋದೆ."

ಮತ್ತೆ ನಗು, ಈ ಸಲ ಅರ್ಧ ನನ್ನ ಪಾಲಿಗೆ. ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ಯಂತ್ರ, ಪಕ್ಕದಲ್ಲಿ ಕನ್ನಡಕ ಹಾಕಿದ ಸ್ನೇಹಿತ. ಒಡತಿ ಸೆರಗು ಸರಿಮಾಡಿಕೊಂಡು ಕೇಳಿದಳು, "ನೀವು ಯಾರು ಸರ್? ಸರ್ವೇಯವರಾ?"

"ಹೌದು" ಎಂದೆ.

ಇಪ್ಪತ್ತೇಳು ವರ್ಷ ಸರ್ವೇ ಲ್ಯಾಬಿನಲ್ಲಿದ್ದವನಿಗೆ ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಅಷ್ಟೇ ಆಗಿದ್ದರೆ ನುಂಗಬಹುದಿತ್ತು. "ಜಾಗದ ಅಳತೆಗೆ ಬಂದಿದ್ದೆವು" ಎಂದೂ ಸೇರಿಸಿದೆ. "ಗೋಡೆಗೆ ಕೈ ಹಾಕದೆ ಅಳತೆ ಮಾಡ್ಲಿಕ್ಕೆ ಆಗ್ತದಾ?" ಎಂದು ಸ್ನೇಹಿತರು ಅದಕ್ಕೊಂದು ಒಗ್ಗರಣೆ ಕೊಟ್ಟರು. ಜನ ಎರಡು ಹೆಜ್ಜೆ ಸರಿದು ನಮಗೆ ಜಾಗ ಬಿಟ್ಟರು.

"ದೊಡ್ಡ ಮನುಷ್ಯರ ಮೇಲೆ ಹೇಳ್ತೀಯಾ?" ಎಂದವಳೇ ಒಡತಿ ಅವಳ ಜುಟ್ಟಿಗೆ ಕೈ ಹಾಕಿದಳು. ಹೊರೆ ಕೆಳಗೆ ಬಿತ್ತು. ಆಮೇಲೆ ಕೋಲಿನವನು ಡಬ್ಬಿಯ ಮುಚ್ಚಳವನ್ನು ಕಾಗದದಲ್ಲಿ ಹಿಡಿದು ನನ್ನ ಮುಂದೆ ತಂದ. "ಓದಿದವರು ನೀವು. ಇದು ಎಂತ ಬರ್ದದ್ದು ನೋಡಿ ಸರ್."

ನನ್ನದೇ ಅಕ್ಷರ. ಒಂದು, ಮೂರು, ಆಮೇಲೆ ಒಂದು ಚುಕ್ಕಿ. ಆ ಮೂರನ್ನು ನಾನು ಬರೆಯುವ ರೀತಿ ಅಜ್ಜಿ ಮರಳಿನಲ್ಲಿ ಕೈ ಹಿಡಿದು ತಿದ್ದಿಸಿದ್ದು. ಆ ಹೆಂಗಸು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾಯುವಂತಿತ್ತು.

"ನನಗೆ ಅರ್ಥ ಆಗುದಿಲ್ಲ" ಎಂದೆ.

"ಸರ್ವೇಯವರಿಗೇ ಅರ್ಥ ಆಗುದಿಲ್ಲ ಅಂದ್ರೆ!" ಎಂದು ಹಿಂದಿನಿಂದ ಒಂದು ದನಿ ಬಂತು. ಅಲ್ಲಿಗೆ ತೀರ್ಮಾನವಾಯಿತು. ಕೋಣೆಯಿಂದ ಅವಳ ಸಾಮಾನು ಹೊರಗೆ ಬರತೊಡಗಿತು: ರೊಟ್ಟಿ ಹಂಚು, ಎರಡು ಪಾತ್ರೆ, ಸುತ್ತಿದ ಚಾಪೆ, ಒಂದು ಜೋಳದ ಹಿಟ್ಟಿನ ಡಬ್ಬ. ಆ ಡಬ್ಬವನ್ನೂ ಬಿಚ್ಚಿ, ಇನ್ನೇನಾದರೂ ಅಡಗಿಸಿದ್ದಾಳೋ ಎಂದು ಹಿಟ್ಟನ್ನು ನೆಲಕ್ಕೆ ಸುರಿದು ನೋಡಿದರು. ಅವಳು ಮತ್ತೆ ನನ್ನ ಕಡೆ ಕೈ ತೋರಿಸಲಿಲ್ಲ. ಹಿಟ್ಟಿನಲ್ಲಿ ಮೇಲಿನ ಪದರವನ್ನಷ್ಟೇ ಕೈಯಿಂದ ಬಾಚಿ ಡಬ್ಬಕ್ಕೆ ತುಂಬಿಕೊಂಡಳು.

ನಾವು ಸ್ಕೂಟರು ಹತ್ತಿದೆವು. ಕಟಪಾಡಿಯಲ್ಲಿ ಇಳಿದು ಗೋಳಿಬಜೆ ತಿಂದೆವು. "ಹೇಳಿದ್ದಿದ್ರೆ ನಮಗೂ ಬೀಳ್ತಿತ್ತು, ಅಲ್ವಾ?" ಎಂದರು ಸ್ನೇಹಿತರು. ಆಮೇಲೆ ಚಟ್ನಿಗೆ ಬೆರಳು ಅದ್ದಿ, "ಹೊರಕಡಿಗೆ ಕುಂತಾರಂತ!" ಎಂದು ಅವಳ ಹಾಗೆಯೇ ಹೇಳಿ ತೋರಿಸಿದರು. ಚೆನ್ನಾಗಿ ಹೇಳಿದರು. ನನಗೆ ನಗು ಬಂತು. ಇನ್ನೊಂದು ಪ್ಲೇಟು ತರಿಸಿದೆ.

ಹನ್ನೊಂದು ದಿನ ಹೀಗೇ ಕಳೆಯಿತು. ಊಟಕ್ಕೆ ಕೂತಾಗಲೆಲ್ಲ ನೆಲದ ಮೇಲಿನ ಆ ಹಿಟ್ಟು ಕಣ್ಣ ಮುಂದೆ ಬರುತ್ತಿತ್ತು. ಕೊನೆಗೆ ಒಬ್ಬನೇ ಕಾಪುವಿಗೆ ಬಸ್ಸು ಹತ್ತಿದೆ. ಒಡತಿ ಕುರ್ಚಿ ಹಾಕಿ, ಎಳನೀರು ಕೊಟ್ಟು ಕೂರಿಸಿದಳು. ನಾನು ಎಲ್ಲವನ್ನೂ ಹೇಳಿದೆ. ಆಟ, ಉಪಗ್ರಹ, ಡಬ್ಬಿ, ಅಡಿಕೆ. ಒಳಗಿನ ಮಂಚದಲ್ಲಿ ಮಲಗಿದ್ದ ಗಂಡ ನಕ್ಕ. "ನಮ್ಮ ಬೋಟಿನಲ್ಲಿಯೂ ಉಂಟು ಸರ್ ಜಿಪಿಎಸ್. ಅದು ಮೀನಿನ ಜಾಗ ಹುಡುಕ್ಲಿಕ್ಕೆ. ಡಬ್ಬಿ ಅಡಗಿಸಿ ಡಬ್ಬಿ ಹುಡುಕುದಾ? ಯಾರಾದ್ರೂ ನಂಬ್ತಾರಾ? ಆ ಹೆಂಗಸಿಗಾಗಿ ನೀವು ಸುಳ್ಳು ಹೇಳ್ತಾ ಇದ್ದೀರಿ. ಒಳ್ಳೆಯ ಮನಸ್ಸು ನಿಮ್ಮದು."

ಒಂದು ಕಾಗದ ಕೇಳಿ ಇಸಿದುಕೊಂಡೆ. ಮುಚ್ಚಳದಲ್ಲಿದ್ದ ಅಂಕಿಗಳನ್ನೆಲ್ಲ ಅದೇ ಸಾಲಿನಲ್ಲಿ, ಅದೇ ಅಕ್ಷರದಲ್ಲಿ ಬರೆದು ಕೊಟ್ಟೆ. ಅವನ ನಗು ನಿಂತಿತು. ಹೆಂಡತಿಯ ಕಡೆ ನೋಡಿದ. ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಒಲೆಯ ಬೆಂಕಿಗೆ ಹಾಕಿದಳು.

"ಕೋಣೆ ಬೇರೆಯವರಿಗೆ ಕೊಟ್ಟಾಯ್ತು" ಎಂದಳು. "ಇನ್ನು ನೀವು ಇದನ್ನು ಯಾರ ಹತ್ರವೂ ಹೇಳ್ಬೇಡಿ. ಇಪ್ಪತ್ತು ಜನರ ಎದುರು ಅವಳ ಜುಟ್ಟು ಹಿಡಿದವಳು ನಾನು. ಈಗ ತಪ್ಪಾಯ್ತು ಅಂತ ಅದೇ ಇಪ್ಪತ್ತು ಜನರಿಗೆ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ. ನಿಮ್ಮಿಂದ ಆಯ್ತಾ ಅವತ್ತು?"

ನಾನು ಎದ್ದೆ. ಬಾಗಿಲವರೆಗೆ ಬಂದವಳು ದನಿ ತಗ್ಗಿಸಿ, "ಕಾರ್ಕಳದಲ್ಲಿ ಕೆಲಸ ಮಾಡ್ತಾಳಂತೆ. ಬಸ್‌ಸ್ಟ್ಯಾಂಡಿನ ಆಚೆ ಯಾವುದೋ ಕಟ್ಟಡ ಏಳ್ತಾ ಉಂಟಂತೆ" ಎಂದಳು.

ಮರುದಿನವೇ ಕಾರ್ಕಳಕ್ಕೆ ಹೋದೆ. ಮೂರನೆಯ ಕಟ್ಟಡದಲ್ಲಿ ಸಿಕ್ಕಿದಳು. ಕಾಂಕ್ರೀಟು ಕಲಸುವ ಯಂತ್ರ ಗುಡುಗುಟ್ಟುತ್ತಿತ್ತು. ಹೆಂಗಸರು ಸಾಲಾಗಿ ನಿಂತು ಬಾಣಲೆಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು, ಸಾಲಿನ ನಡುವೆ ಅವಳು. ನನ್ನನ್ನು ಕಂಡಳು, ಗುರುತು ಹಿಡಿದಳು, ಬೇಡ ಎನ್ನುವ ಹಾಗೆ ತಲೆ ಆಡಿಸಿದಳು. ನಾನು ಅದನ್ನು ಸಿಟ್ಟು ಎಂದುಕೊಂಡೆ. ಹತ್ತಿರ ಹೋಗಿ ಮಾತಾಡಿದೆ. ಕೇಳಿಸಲಿಲ್ಲ. ದನಿ ಎತ್ತಿ ಕೂಗಿದೆ.

"ಆ ಡಬ್ಬಿ ನಾನು ಇಟ್ಟದ್ದು! ಮಾಟ ಮಾಡಿದವಳು ನೀನಲ್ಲ!"

ಕೂಗು ಅರ್ಧಕ್ಕೆ ಬಂದಾಗ ಯಂತ್ರ ನಿಂತಿತ್ತು. ಮಾಟ ಎನ್ನುವ ಮಾತು ಕಟ್ಟಡದ ಮೂರೂ ಮಾಳಿಗೆಗೆ ಕೇಳಿಸಿತು. ದಾಟುತ್ತಿದ್ದ ಬಾಣಲೆಯೊಂದು ಅವಳ ಪಕ್ಕದವಳ ಕೈಯಲ್ಲೇ ಉಳಿಯಿತು.

"ಎಂತ ಮಾಟ?" ಎಂದು ಮೇಸ್ತ್ರಿ ಮೇಲಿನಿಂದ ಇಳಿದು ಬಂದ.

ನನಗೆ ಹೇಳುವ ಕಲೆ ಉಂಟು ಎಂದು ನಾಲ್ಕು ಜನ ಹೇಳುತ್ತಾರೆ. ಮೊದಲಿನಿಂದ ಬಿಡಿಸಿ ಹೇಳಿದೆ. ಕಾಪು, ಪಾಗಾರ, ಒಡತಿಯ ಗಂಡನ ಕಾಲು, ಹೊರಹಾಕಿದ್ದು, ಒಂದನ್ನೂ ಬಿಡಲಿಲ್ಲ. ಹೇಳಿದಷ್ಟೂ ಅವಳ ಎಡಬಲದ ಹೆಂಗಸರು ಸರಿಯುತ್ತ ಹೋದರು. ಒಬ್ಬಳು ಹೋಗಿ, ಗೋಡೆಯ ಬುಡದಲ್ಲಿ ಸಾಲಾಗಿ ಇಟ್ಟಿದ್ದ ಬುತ್ತಿಗಳ ನಡುವಿನಿಂದ ತನ್ನದನ್ನು ಎತ್ತಿ ಬೇರೆ ಇಟ್ಟಳು.

"ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ" ಎಂದು ಮೇಸ್ತ್ರಿ ಅವಳಿಗೆ ಹೇಳಿದ. "ಆದ್ರೆ ಇವ್ರೆಲ್ಲ ಹೆದರಿ ಕೆಲಸ ಬಿಟ್ರೆ ನಾನು ಎಂತ ಮಾಡುದು? ನಾಳೆಯಿಂದ ಬೇಡಮ್ಮ."

ಅವಳು ಕೈ ತೊಳೆದಳು. ಬುತ್ತಿ, ಚೀಲ ತೆಗೆದುಕೊಂಡು ರಸ್ತೆಗೆ ಇಳಿದಳು. ನಾನು ಹಿಂದೆ ಓಡಿದೆ. "ನಾನು ಒಳ್ಳೆಯದಕ್ಕೇ ಬಂದದ್ದು" ಎಂದೆ.

"ಇಲ್ಲಿ ಯಾರಿಗೂ ಗೊತ್ತಿರಲಿಲ್ರಿ" ಎಂದಳು. ಬೈಗುಳವಾದರೂ ಬರಬಹುದು ಎಂದು ಕಾದೆ. ಬರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ನಿಂತು ನನ್ನ ಕಡೆ ತಿರುಗಿದಳು. "ನೀವು ಇಲ್ಲೇ ನಿಂದರ್ರಿ. ನಾ ಎಲ್ಲಿ ಹೊಂಟೇನಂತ ನಿಮಗ ಗೊತ್ತಾಗೂದು ಬ್ಯಾಡ."

ನಿಂತೆ. ಬಸ್ಸು ಬಂದಾಗ ಬೋರ್ಡು ಓದಬಾರದೆಂದು ಕಣ್ಣನ್ನು ನನ್ನ ಚಪ್ಪಲಿಯ ಮೇಲೆ ಇಟ್ಟುಕೊಂಡೆ. ಆದರೆ ಕಂಡಕ್ಟರ್ ಬಾಗಿಲಲ್ಲಿ ಜೋತಾಡುತ್ತ ಊರಿನ ಹೆಸರನ್ನು ಮೂರು ಸಲ ಕೂಗಿದ.