ಪಟ್ಟಿಯ ಏಳನೇ ಸಾಲು

ಬೆಳಗಿನ ಐದೂಮುಕ್ಕಾಲು. ಕಡಲಿಗೆ ಮುಖ ಮಾಡಿದ ಬಾಡಿಗೆ ಮನೆಯ ಮೆಟ್ಟಿಲ ಬಳಿ ಬೀಗದಮ್ಮ ಕಾಲೊರಸನ್ನು ಗೋಡೆಗೆ ಬಡಿಯುತ್ತಿದ್ದಾರೆ. ಮರಳು ಉದುರುತ್ತದೆ, ಇನ್ನೂ ಉದುರುತ್ತದೆ. "ಅರ್ಧ ಸಮುದ್ರಾನ ಒಳಗೇ ತರ್ತಾರೆ," ಎನ್ನುತ್ತಾ ಇನ್ನೊಂದು ಪೆಟ್ಟು ಹಾಕುತ್ತಾರೆ. ಸೊಂಟಕ್ಕೆ ಸಿಕ್ಕಿಸಿದ ಕೀಲಿ ಗೊಂಚಲಿನಿಂದಾಗಿ ಇಡೀ ಬೀದಿ ಅವರನ್ನು ಕರೆಯುವುದೇ ಹಾಗೆ. ನಿಜವಾದ ಹೆಸರು ರೇಷನ್ ಕಾರ್ಡಿಗೆ ಮಾತ್ರ ಗೊತ್ತು.

ಹದಿಮೂರು ವರ್ಷದಿಂದ ಈ ಮನೆಯನ್ನು ನೋಡಿಕೊಳ್ಳುತ್ತಿರುವವರು ಇವರೇ. ರಜೆಗೆ ಬಂದವರು ಹತ್ತಕ್ಕೆ ಹೊರಟರೆ ಹೊಸಬರು ಎರಡಕ್ಕೆ ಇಳಿಯುತ್ತಾರೆ. ನಡುವಿನ ನಾಲ್ಕು ತಾಸಿನಲ್ಲಿ ಮೂರು ಮಲಗುವ ಕೋಣೆ, ಎರಡು ಬಚ್ಚಲು, ಹದಿನಾಲ್ಕು ದಿಂಬಿನ ಕವರು, ಎಣ್ಣೆ ಮೆತ್ತಿದ ಒಂದು ಒಲೆ. ಅದರ ಮೇಲೆ ಪ್ರಶ್ನೆಗಳು. ತಾಜಾ ಮೀನು ಎಲ್ಲಿ ಸಿಗುತ್ತೆ, ಮಗುವಿಗೆ ಜ್ವರ ಬಂದಿದೆ ಡಾಕ್ಟರು ಎಲ್ಲಿ, ಈಜೋಕೆ ಯಾವ ಜಾಗ ವಾಸಿ.

"ಸೂರ್ಯ ಮುಳುಗೋದು ಎಲ್ಲಿಂದ ಚೆನ್ನಾಗಿ ಕಾಣುತ್ತೆ ಅಂತಾರೆ. ಆ ಹೊತ್ತಲ್ಲಿ ನಾನು ಬೆಡ್‌ಶೀಟ್ ಮಡಚ್ತಿರ್ತೀನಿ ಸ್ವಾಮಿ. ನೋಡಿದ್ರೆ ತಾನೆ ಹೇಳೋಕೆ?"

ಮೂರು ವರ್ಷದ ಹಿಂದೆ ಮನೆ ಯಜಮಾನರು ಒಂದು ಉಪಾಯ ಮಾಡಿದರು. ಬೀಗದಮ್ಮನಿಗೆ ಗೊತ್ತಿರುವುದನ್ನೆಲ್ಲ ಬರೆಸಿ, ಪ್ಲಾಸ್ಟಿಕ್ ಹೊದಿಸಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. 'ನಮ್ಮೂರಲ್ಲಿ ನೋಡಲೇಬೇಕಾದ್ದು' ಎಂಬ ಆ ಪಟ್ಟಿಯಲ್ಲಿ ಒಂಬತ್ತು ಸಾಲು. ಏಳನೆಯದು ಹೀಗಿದೆ: 'ಕರಿಬಂಡೆಯ ಹಿಂದಿನ ಸಣ್ಣ ಕೊಲ್ಲಿ. ನೀರಿಳಿದಾಗ ಹೋಗಿ. ಮರಳು ಕೆದಕಿದರೆ ಕಪ್ಪೆಚಿಪ್ಪು ಸಿಗುತ್ತದೆ. ಮಕ್ಕಳಿಗೆ ಬಲು ಖುಷಿ.'

ಅದನ್ನು ಓದಿ ಹೇಳಿ ಎಂದರೆ ಬೀಗದಮ್ಮ ಓದುವುದಿಲ್ಲ. ಫ್ರಿಜ್ಜಿಗೆ ಬೆನ್ನು ಹಾಕಿ ನಿಲ್ಲುತ್ತಾರೆ.

ಆ ಕೊಲ್ಲಿ ಅವರದಲ್ಲ. ಅವರ ಒಡಹುಟ್ಟಿದ ಅಕ್ಕ ಮತ್ತು ಬೀದಿಯ ಇನ್ನೈದು ಹೆಂಗಸರು ನೀರಿಳಿದಾಗ ಸಾರಿಗಾಗುವ ಜೀವಂತ ಕಪ್ಪೆಚಿಪ್ಪು ಹೆಕ್ಕಿ ಮಾರುಕಟ್ಟೆಗೆ ಒಯ್ಯುತ್ತಿದ್ದ ಜಾಗ ಅದು. ಎರಡು ಕಟ್ಟುಪಾಡಿದ್ದವು. ಹೆಬ್ಬೆರಳ ಉಗುರಿಗಿಂತ ಚಿಕ್ಕದನ್ನು ಮುಟ್ಟುವಂತಿಲ್ಲ, ಜಾಗವನ್ನು ಹೊರಗಿನವರಿಗೆ ಬಾಯಿಬಿಡುವಂತಿಲ್ಲ. ಬೀಗದಮ್ಮನಿಗೆ ಎಂಟು ವರ್ಷವಾಗಿದ್ದಾಗ ಕೈಹಿಡಿದು ಅಲ್ಲಿಗೆ ಕರೆದೊಯ್ದವಳು ಅಕ್ಕನೇ.

"ಯಜಮಾನ್ರು, ಬೇರೆ ಯಾರ ಪಟ್ಟೀಲೂ ಇಲ್ದೇ ಇರೋದು ಒಂದು ಹೇಳಮ್ಮ ಅಂದ್ರು. ಜಂಭ ಬಂತು ನೋಡಿ. ನನಗೆ ಗೊತ್ತಿಲ್ದೇ ಇರೋದು ಇದೆಯಾ ಅನ್ನೋ ಜಂಭ. ಹೇಳಿಬಿಟ್ಟೆ."

ಇಲ್ಲಿ ನನ್ನ ಪಾಲಿನದನ್ನೂ ಹೇಳಿಬಿಡಬೇಕು. ಹೋದ ವರ್ಷ ಸಂಸಾರ ಸಮೇತ ನಾನು ಈ ಮನೆಯಲ್ಲಿ ನಾಲ್ಕು ದಿನ ಇದ್ದೆ. ಏಳನೇ ಸಾಲು ಓದಿ ಹೋದೆ, ಕುಣಿದಾಡಿದೆ, ಬಂದು ಫೇಸ್‌ಬುಕ್ಕಿನಲ್ಲಿ ದಾರಿ ಸಮೇತ ಡಂಗುರ ಸಾರಿದೆ. ಮುಂದಿನ ತಿಂಗಳಿಂದ ಬಂದವರೆಲ್ಲ ಬೀಗದಮ್ಮನಿಗೆ ಹೇಳಿದ್ದು ಒಂದೇ, "ಅದ್ಯಾರೋ ಬರೆದಿದ್ರಲ್ಲ, ಆ ಕೊಲ್ಲಿ." ಅದ್ಯಾರೋ ನಾನು. ಇದನ್ನು ಅವರು ನನ್ನ ಮುಖಕ್ಕೇ ಹೇಳಿದರು. ಪತ್ರಿಕೆಗೆ ಬರೆಯಲೆಂದು ಎಲೆಮರೆಯ ಕಾಯಿಯನ್ನು ಹುಡುಕಿಕೊಂಡು ಬಂದವನಂತೆ ನಾನು!

ಹೊಸಬರು ಚಮಚ, ಬಕೆಟ್ಟು ಹಿಡಿದು ಹೋದರು. ದೊಡ್ಡದು ಚಿಕ್ಕದೆನ್ನದೆ ಬಗೆದರು. ಒಂದು ಕುಟುಂಬ ಹೊರಟ ಮೇಲೆ ಬಚ್ಚಲಲ್ಲಿ ಗಬ್ಬು ನಾತ. ನೋಡಿದರೆ ಒಂದು ಬಕೆಟ್ ತುಂಬ ಬಟಾಣಿಯಷ್ಟೇ ದಪ್ಪದ ಚಿಪ್ಪುಗಳು. ಬೀಗದಮ್ಮ ಅದನ್ನು ಹೊತ್ತುಕೊಂಡು ಕೊಲ್ಲಿಗೆ ಓಡಿದರು.

"ನೀರಿಗೆ ಸುರಿದೆ. ಒಂದೂ ಉಸಿರಾಡ್ಲಿಲ್ಲ. ತಲೆ ಎತ್ತಿದ್ರೆ ಅಕ್ಕ ಬಂಡೆ ಮೇಲೆ ಕೂತಿದಾಳೆ, ಬುಟ್ಟಿ ಖಾಲಿ. 'ನೋಡಿದ್ಯೇನೇ, ಯಾವ ಮನೆಹಾಳರೋ ಬಾಯಿಬಿಟ್ಟಿದಾರೆ' ಅಂದ್ಲು. ಹೂಂ ಅಂದೆ. ಅಷ್ಟೇ ಅಂದೆ ಸ್ವಾಮಿ, ಹೂಂ ಅಂತ."

ಕೊಲ್ಲಿ ಬರಿದಾಗಿ ಅಕ್ಕ ಈಗ ಮದುವೆ ಮಂಟಪದಲ್ಲಿ ಪಾತ್ರೆ ತೊಳೆಯುತ್ತಾರೆ. ಅರವತ್ತೊಂದು ವಯಸ್ಸು. ಇಬ್ಬರದೂ ಒಂದೇ ನಲ್ಲಿ, ದಿನಾ ಬೆಳಿಗ್ಗೆ ಕೊಡ ಹಿಡಿದು ಎದುರುಬದುರು. ಕೈಗೆ ಬಿರುಕು ಬಿಟ್ಟಿದೆ ಎಂದು ಅಕ್ಕ ತೋರಿಸಿದರೆ ತಂಗಿ ಮುಲಾಮು ತಂದುಕೊಡುತ್ತಾರೆ. ನಿಜವನ್ನು ಮಾತ್ರ ಹೇಳಿಲ್ಲ. ಪಟ್ಟಿಯಿಂದ ಆ ಸಾಲು ತೆಗೆಯಿರಿ ಎಂದು ಯಜಮಾನರನ್ನು ಮೂರು ಸಲ ಕೇಳಿದ್ದಾರೆ. "ಬಂದೋರೆಲ್ಲ ಮೆಚ್ಚೋದೇ ಅದನ್ನ" ಎಂಬುದು ಅವರ ಉತ್ತರ. ಬೀಗದಮ್ಮ ಮಸಿಯಿಂದ ಹೊಡೆದುಹಾಕುತ್ತಾರೆ, ಯಜಮಾನರು ಹೊಸ ಪ್ರತಿ ಅಂಟಿಸುತ್ತಾರೆ. ನಾನು ನನ್ನ ಬರಹ ಅಳಿಸಿದ್ದೇನೆ. ಅದನ್ನು ಹಂಚಿಕೊಂಡ ನೂರಾರು ಜನರದನ್ನು ಅಳಿಸುವ ಬಗೆ ನನಗೆ ತಿಳಿಯದು.

ಈ ಭಾಗವನ್ನು ಬಿಟ್ಟು, ಹದಿಮೂರು ವರ್ಷದ ದುಡಿಮೆಯ ಬಗ್ಗೆಯಷ್ಟೇ ಬರೆಯುತ್ತೇನೆ ಎಂದೆ. ಇದು ಅಚ್ಚಾಗುವ ಭಾನುವಾರದ ಪುರವಣಿಯನ್ನು ಅಕ್ಕನ ಸೊಸೆ ಮನೆಮಂದಿಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಾಳೆಂದು ಆಗಲೇ ಗೊತ್ತಾಗಿತ್ತು. ಬೀಗದಮ್ಮ ಇನ್ನೊಂದು ಕವರಿಗೆ ದಿಂಬು ತುರುಕಿದರು.

"ಅದನ್ನ ಬಿಟ್ಟು ನನ್ನ ಹೊಗಳಿದ್ರೆ, ಅದನ್ನೂ ಅವಳು ಕೇಳ್ಬೇಕಾಗುತ್ತೆ. ಬೇಡ. ಎಲ್ಲಾ ಬರೀರಿ. ಆದ್ರೆ ಪೇಪರಿಂದ ಅವಳಿಗೆ ಗೊತ್ತಾಗಬಾರ್ದು. ಮೊದಲು ನಾನು ಹೇಳ್ತೀನಿ. ಫೋನ್ ಮಾಡಿದ ಮೇಲೆ ಹಾಕಿ."

ಎರಡು ವಾರ ಫೋನ್ ಬರಲಿಲ್ಲ. ಬರದಿದ್ದರೇ ಒಳ್ಳೆಯದು ಎಂದು ನಾನು ಒಳಗೊಳಗೇ ಅಂದುಕೊಂಡದ್ದೂ ಉಂಟು. ನಿನ್ನೆ ಬಂತು.

"ಹೇಳಿದೆ. ನಲ್ಲಿ ಹತ್ರಾನೇ ಹೇಳಿದೆ, ನಿಮ್ಮದೂ ಸೇರಿಸಿ. ಹಾಕಿ."

"ಅಕ್ಕ ಏನಂದ್ರು?"

"ನನಗೇನೂ ಅನ್ಲಿಲ್ಲ. ಕೊಡ ಎತ್ಕೊಂಡು ಒಳಗೆ ಹೋದ್ಲು, ಬಾಗಿಲು ಹಾಕ್ಕೊಂಡ್ಲು. ಸಾಯಂಕಾಲ ಸೊಸೆ ಕೈಲಿ ಒಂದು ಮಾತು ಹೇಳಿ ಕಳಿಸಿದಾಳೆ, ಅದೂ ನಿಮಗೆ. ಬುಧವಾರ ಬೆಳಿಗ್ಗೆ ಆರೂಕಾಲಿಗೆ ನೀರಿಳಿಯುತ್ತಂತೆ. ಬಂದು ಒಂದೇ ಒಂದು ಚಿಪ್ಪು ಹೆಕ್ಕಿ ತೋರಿಸ್ಬೇಕಂತೆ. ಬರ್ತೀರಾ?"